ಎಂಟುನೂರು ಪೌಂಡಿನ ಗೊರಿಲ್ಲಾ

ಇಂಗ್ಲಿಷಿನಲ್ಲಿ ಒಂದು ಹಳೇ ಜೋಕ್ ಇದೆ. ಎಂಟುನೂರು ಪೌಂಡ್ ತೂಗುವ ಗೊರಿಲ್ಲಾ ಎಲ್ಲಿ ಕೂರುತ್ತೆ? ಅದಕ್ಕೆ ಎಲ್ಲಿ ಬೇಕೋ ಅಲ್ಲಿ. ಅಷ್ಟೇ ಜೋಕು. ಕೆಲವರು ಕೂರುತ್ತೆ ಅನ್ನುವ ಬದಲು ಮಲಗುತ್ತೆ ಅಂತಾರೆ, ಉತ್ತರ ಮಾತ್ರ ಅದೇ. 1970ರ ದಶಕದ ಅಮೆರಿಕದಲ್ಲಿ ಓಡಾಡುತ್ತಿದ್ದ ಈ ಜೋಕನ್ನು ಈಗ ಯಾರೂ ಹೇಳುವುದಿಲ್ಲ. ಆದರೆ ಅದರೊಳಗಿದ್ದ ಗೊರಿಲ್ಲಾ ಎದ್ದು ಹೊರಗೆ ಬಂದು ಆಫೀಸ್ ಮೀಟಿಂಗುಗಳಲ್ಲಿ, ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ, ರಾಜಕೀಯದ ಚರ್ಚೆಗಳಲ್ಲಿ ಆರಾಮಾಗಿ ಕೂತುಬಿಟ್ಟಿದೆ.

ಯಾವುದೋ ಒಂದು ಕಂಪನಿ ಮಾರುಕಟ್ಟೆಯಲ್ಲಿ ಎಷ್ಟು ಬೆಳೆದಿದೆ ಎಂದರೆ, ಉಳಿದವರು ಬೆಲೆ ಇಳಿಸುವ ಮೊದಲು, ಹೊಸದೇನಾದರೂ ತರುವ ಮೊದಲು ಅದರ ಮುಖ ನೋಡಲೇಬೇಕು. ಅಂಥ ಕಂಪನಿಯೇ ಎಂಟುನೂರು ಪೌಂಡಿನ ಗೊರಿಲ್ಲಾ. ಗಮನಿಸಿ, ಅದು ಒಳ್ಳೆಯದು ಅಂತಲೂ ಅಲ್ಲ, ಕೆಟ್ಟದ್ದು ಅಂತಲೂ ಅಲ್ಲ. ಅದು ಏನೂ ಮಾಡಬೇಕಾಗಿಲ್ಲ. ಸುಮ್ನೆ ಇದ್ದರೂ ಪಕ್ಕದವರು ಸರಿದು ಜಾಗ ಬಿಡುತ್ತಾರೆ. ನನಗೆ ಈ ಮಾತು ಇಷ್ಟ. ಬಹಳಷ್ಟು ಆಫೀಸ್ ಇಂಗ್ಲಿಷ್ ಬಾಯಿಗೆ ಸಪ್ಪೆ, ಇದಕ್ಕೆ ಸ್ವಲ್ಪ ಉಪ್ಪು ಖಾರ ಇದೆ.

ತೂಕ ಮಾತ್ರ ಶುದ್ಧ ಸುಳ್ಳು. ಎಂಟುನೂರು ಪೌಂಡ್ ಎಂದರೆ 363 ಕಿಲೋ. ಕಾಡಿನಲ್ಲಿ ಬೆಳೆದ ದೊಡ್ಡ ಗಂಡು ಗೊರಿಲ್ಲಾ ಸಾಮಾನ್ಯವಾಗಿ 140ರಿಂದ 180 ಕಿಲೋ, ತೀರಾ ದಢೂತಿಯಾದರೆ 200ರ ಹತ್ತಿರ. ಹೆಣ್ಣು ಅದರ ಅರ್ಧ. ಹಿಂದೆ ಮೃಗಾಲಯಗಳಲ್ಲಿ ತಿನ್ನಿಸಿ ತಿನ್ನಿಸಿ ಉಬ್ಬಿಸಿದ ಒಂದೆರಡು ಗಂಡುಗಳು 270 ಕಿಲೋ ದಾಟಿದ್ದುಂಟು. ಅದು ಆರೋಗ್ಯದ ಲಕ್ಷಣವಲ್ಲ ಬಿಡಿ. ಅಂದರೆ ಇಂಗ್ಲಿಷಿನ ಗೊರಿಲ್ಲಾ ನಿಜವಾದದ್ದಕ್ಕಿಂತ ಎರಡು ಪಟ್ಟು ದಪ್ಪ. ಕೆಲವರು ಅದೂ ಸಾಲದು ಅಂತ ಒಂಬೈನೂರು ಪೌಂಡ್ ಅನ್ನುತ್ತಾರೆ. ಮಾತಿಗೆ ತಕ್ಕಡಿ ಇಲ್ಲವಲ್ಲ.

ತಮಾಷೆ ಏನೆಂದರೆ ಆ ಜೋಕಿನ ಉತ್ತರ ಬಹುಮಟ್ಟಿಗೆ ನಿಜ. ಗೊರಿಲ್ಲಾ ಗುಂಪಿಗೆ ಸಾಮಾನ್ಯವಾಗಿ ಒಬ್ಬ ಯಜಮಾನ ಇರುತ್ತಾನೆ. ಹನ್ನೆರಡು ವರ್ಷ ದಾಟುವ ಹೊತ್ತಿಗೆ ಗಂಡಿನ ಬೆನ್ನ ಮೇಲಿನ ಕೂದಲು ಬೆಳ್ಳಗಾಗುತ್ತದೆ, ಅದಕ್ಕೇ ಅವನನ್ನು ಸಿಲ್ವರ್‌ಬ್ಯಾಕ್ ಅನ್ನುವುದು. ಬೆಳಿಗ್ಗೆ ಯಾವ ಕಡೆ ಹೊರಡಬೇಕು, ಮಧ್ಯಾಹ್ನ ಎಲ್ಲಿ ಅಡ್ಡಾಗಬೇಕು, ರಾತ್ರಿ ಎಲ್ಲಿ ಸೊಪ್ಪು ಕೊಂಬೆ ಮಡಚಿ ಹಾಸಿಗೆ ಮಾಡಿಕೊಳ್ಳಬೇಕು ಎಂಬುದೆಲ್ಲ ಹೆಚ್ಚಾಗಿ ಅವನು ಎದ್ದಾಗ, ನಡೆದಾಗ, ಕೂತಾಗ ತೀರ್ಮಾನವಾಗುತ್ತದೆ. ಅವನು ಕೂತರೆ ಎಲ್ಲರೂ ಕೂತರು. ಆದರೆ ಜೋಕು ಹೇಳದೆ ಬಿಟ್ಟ ಒಂದು ವಿಷಯ ಇದೆ. ಹೆಣ್ಣುಗಳಿಗೆ ಈ ಯಜಮಾನ ಸರಿಬರಲಿಲ್ಲ ಎಂದರೆ, ಎರಡು ಗುಂಪುಗಳು ಎದುರಾದ ಹೊತ್ತು ನೋಡಿಕೊಂಡು ಆ ಕಡೆಗೆ ನಡೆದುಬಿಡುತ್ತವೆ. ಆಮೇಲೆ ಇವನು ಎಲ್ಲಿ ಬೇಕೋ ಅಲ್ಲಿ ಒಬ್ಬನೇ ಕೂರಬಹುದು. ಮಾರುಕಟ್ಟೆಯ ಗೊರಿಲ್ಲಾಗಳಿಗೂ ಇದು ಚೆನ್ನಾಗಿ ಹೊಂದುತ್ತದೆ, ಆದರೆ ಆ ಭಾಗವನ್ನು ಯಾರೂ ಬಳಸುವುದಿಲ್ಲ.

ಇನ್ನೊಂದು ಗೊರಿಲ್ಲಾ ಇದೆ, ಕೋಣೆಯೊಳಗಿನದು. ನಿಜವಾಗಿ ಆ ಕೋಣೆ ಆನೆಯದು. ಎಲ್ಲರ ಕಣ್ಣಿಗೂ ಕಾಣುತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಮುಜುಗರದ ಸಂಗತಿಗೆ ಇಂಗ್ಲಿಷಿನಲ್ಲಿ ಕೋಣೆಯೊಳಗಿನ ಆನೆ ಅನ್ನುತ್ತಾರೆ. ಮಾತಿನ ಭರದಲ್ಲಿ ಜನ ಎರಡನ್ನೂ ಕಲಸಿ ಎಂಟುನೂರು ಪೌಂಡಿನ ಗೊರಿಲ್ಲಾವನ್ನೇ ತಂದು ಆ ಕೋಣೆಯಲ್ಲಿ ಕೂರಿಸಿದರು. ಭಾಷೆಯ ಬಗ್ಗೆ ಮಡಿವಂತರಾದವರಿಗೆ ಇದು ಕಿವಿಗೆ ಕಾದ ಸೀಸ ಹೊಯ್ದ ಹಾಗೆ. ನನಗೇನೂ ಅಂಥ ಬೇಜಾರಿಲ್ಲ. ಆದರೂ ಎರಡರ ವ್ಯತ್ಯಾಸ ಉಳಿದರೆ ಒಳ್ಳೆಯದು ಅನಿಸುತ್ತದೆ. ಒಂದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇನ್ನೊಂದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅರ್ಥ ಪೂರ್ತಿ ಉಲ್ಟಾ, ಅಲ್ವಾ?

ಮೂರನೆಯದು ಕಣ್ಣಿಗೇ ಕಾಣದ ಗೊರಿಲ್ಲಾ. ಇದು ಬಂದದ್ದು ಪ್ರಯೋಗಾಲಯದಿಂದ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಅಂಗಿಯವರು ಮತ್ತು ಕಪ್ಪು ಅಂಗಿಯವರು ಬ್ಯಾಸ್ಕೆಟ್‌ಬಾಲ್ ದಾಟಿಸುತ್ತಿರುವ ವಿಡಿಯೋ. ಒಂದು ತಂಡದವರು ಎಷ್ಟು ಸಲ ಚೆಂಡು ದಾಟಿಸಿದರು ಎಂದು ಎಣಿಸಬೇಕು. ನಡುವೆ ಗೊರಿಲ್ಲಾ ವೇಷ ಹಾಕಿದ ಒಬ್ಬರು ನಿಧಾನಕ್ಕೆ ಒಳಗೆ ಬಂದು, ಆಟಗಾರರ ಮಧ್ಯೆ ನಿಂತು, ಎದೆ ಬಡಿದುಕೊಂಡು ಆ ಕಡೆಯಿಂದ ಹೊರಟು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಅದು ಕಾಣಲೇ ಇಲ್ಲ. ಇಂಥದೇ ಪ್ರಯೋಗವನ್ನು 1970ರ ದಶಕದಲ್ಲಿ ಉಲ್ರಿಕ್ ನೈಸರ್ ಎಂಬವರು ಕೊಡೆ ಹಿಡಿದ ಹೆಂಗಸನ್ನು ನಡೆಸಿ ಮಾಡಿದ್ದರು. ಕೊಡೆ ಹಿಡಿದವಳನ್ನು ಜನ ಮರೆತರು, ಗೊರಿಲ್ಲಾ ಉಳಿಯಿತು. ಎದೆ ಬಡಿದುಕೊಂಡಿದ್ದೂ ಕಾಣಲಿಲ್ಲವೇ ಎಂದು ಕೇಳುವ ಮಜಾ ಕೊಡೆಯಲ್ಲಿ ಎಲ್ಲಿದೆ!

2013ರಲ್ಲಿ ಇದಕ್ಕಿಂತ ಗಾಬರಿ ಹುಟ್ಟಿಸುವ ಪ್ರಯೋಗ ಬಂತು. ಟ್ರಾಫ್ಟನ್ ಡ್ರೂ ಮತ್ತು ಜೊತೆಯವರು ಶ್ವಾಸಕೋಶದ ಸಿಟಿ ಸ್ಕ್ಯಾನ್‌ನಲ್ಲಿ ಒಂದು ಪುಟ್ಟ ಗೊರಿಲ್ಲಾ ಚಿತ್ರ ಸೇರಿಸಿದರು. ಪುಟ್ಟದು ಎಂದರೂ ಡಾಕ್ಟರುಗಳು ಹುಡುಕುತ್ತಿದ್ದ ಗಂಟುಗಳಿಗಿಂತ 48 ಪಟ್ಟು ದೊಡ್ಡದು. ಅನುಭವಿ ರೇಡಿಯಾಲಜಿಸ್ಟ್‌ಗಳು 24 ಜನ, ಅವರಲ್ಲಿ 20 ಜನಕ್ಕೆ ಕಾಣಲಿಲ್ಲ. ಕಣ್ಣಿನ ಚಲನೆಯ ದಾಖಲೆ ನೋಡಿದರೆ ಅವರಲ್ಲಿ ಹೆಚ್ಚಿನವರು ನೇರವಾಗಿ ಗೊರಿಲ್ಲಾ ಇದ್ದ ಜಾಗವನ್ನೇ ನೋಡಿದ್ದರು! ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ.

ಹೀಗೆ ಎಲ್ಲರೂ ನೋಡಿ ದಾರಿ ಬಿಡುವ ಗೊರಿಲ್ಲಾ, ಎಲ್ಲರೂ ನೋಡಿ ಸುಮ್ಮನಿರುವ ಗೊರಿಲ್ಲಾ, ಯಾರೂ ನೋಡದ ಗೊರಿಲ್ಲಾ. ಇಷ್ಟೂ ಕಡೆ ಕಾಡಿನ ಪ್ರಾಣಿ ಎಲ್ಲಿಯೂ ಇಲ್ಲ. ಇರುವುದು ಒಂದು ಗಾತ್ರ, ಒಂದು ವೇಷ. ಇದಕ್ಕೆ ಕಾರಣ ಇದೆ ಎಂದು ನನ್ನ ಅನಿಸಿಕೆ. ಗೊರಿಲ್ಲಾ ವಿಷಯದಲ್ಲಿ ಮೊದಲು ಬಂದದ್ದು ಹೆಸರು, ಪ್ರಾಣಿ ಬಂದದ್ದು ಎರಡು ಸಾವಿರ ವರ್ಷ ತಡವಾಗಿ.

ಕ್ರಿಸ್ತಪೂರ್ವ ಐದನೇ ಶತಮಾನದ ಸುಮಾರಿಗೆ ಉತ್ತರ ಆಫ್ರಿಕದ ಪ್ರಾಚೀನ ನಗರ ಕಾರ್ಥೇಜಿನ ಹ್ಯಾನ್ನೋ ಎಂಬ ನಾವಿಕ ಆಫ್ರಿಕದ ಪಶ್ಚಿಮ ತೀರದುದ್ದಕ್ಕೂ ಹಡಗು ನಡೆಸಿಕೊಂಡು ಹೋದ. ಅವನ ಪ್ರಯಾಣದ ಕಥನ ಗ್ರೀಕ್ ಭಾಷೆಯಲ್ಲಿ ಉಳಿದಿದೆ, ತುಂಬಾ ಚಿಕ್ಕದು. ಅದರ ಕೊನೆಯಲ್ಲಿ ಒಂದು ದ್ವೀಪದಲ್ಲಿ ಮೈತುಂಬಾ ಕೂದಲಿರುವ ಕಾಡು ಜನ ಸಿಕ್ಕರು, ಹೆಚ್ಚಿನವರು ಹೆಂಗಸರು, ದುಭಾಷಿಗಳು ಅವರನ್ನು ಗೊರಿಲ್ಲೈ ಎಂದು ಕರೆದರು ಎಂದಿದೆ. ಗಂಡಸರು ಬಂಡೆ ಹತ್ತಿ ಕಲ್ಲು ಬೀರಿ ತಪ್ಪಿಸಿಕೊಂಡರು. ಮೂವರು ಹೆಂಗಸರು ಸಿಕ್ಕಿಬಿದ್ದರು. ಕಚ್ಚಿದರು, ಪರಚಿದರು, ಜೊತೆಗೆ ಬರಲು ಒಪ್ಪಲಿಲ್ಲ. ಅದಕ್ಕೆ ಅವರನ್ನು ಕೊಂದು ಚರ್ಮ ಸುಲಿದು ಕಾರ್ಥೇಜಿಗೆ ಒಯ್ದರಂತೆ. ಅವು ಗೊರಿಲ್ಲಾಗಳೋ, ಚಿಂಪಾಂಜಿಗಳೋ, ನಿಜವಾಗಿಯೂ ಮನುಷ್ಯರೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಮನುಷ್ಯರೇ ಆಗಿದ್ದರೆ ಈ ಕಥೆ ಓದುವುದಕ್ಕೇ ಕಷ್ಟ. ಅಲ್ಲದಿದ್ದರೂ ಏನೂ ಸುಲಭವಲ್ಲ.

ಆ ಹೆಸರು ಪುಸ್ತಕದಲ್ಲಿ ಮಲಗಿತ್ತು. 1847ರಲ್ಲಿ ಅಮೆರಿಕದ ಪಾದ್ರಿ, ವೈದ್ಯ ಥಾಮಸ್ ಸಾವೇಜ್‌ಗೆ ಗಬಾನ್ ನದಿಯ ಹತ್ತಿರ ಒಂದು ವಿಚಿತ್ರ ತಲೆಬುರುಡೆ ಸಿಕ್ಕಿತು. ಸಾವೇಜ್ ಎಂದರೆ ಇಂಗ್ಲಿಷಿನಲ್ಲಿ ಕಾಡುಮನುಷ್ಯ ಎಂದೇ ಅರ್ಥ, ಇದು ನಾನು ಕಟ್ಟಿದ್ದಲ್ಲ. ಬುರುಡೆ, ಮೂಳೆ ಕೂಡಿಹಾಕಿ, ಸ್ಥಳೀಯರು ಹೇಳಿದ್ದನ್ನು ಕೇಳಿ, ಜೆಫ್ರೀಸ್ ವೈಮನ್ ಎಂಬ ಶರೀರಶಾಸ್ತ್ರಜ್ಞರ ಜೊತೆ ಸೇರಿ ಹೊಸ ಪ್ರಾಣಿಯ ವಿವರಣೆ ಪ್ರಕಟಿಸಿದರು. ಹೆಸರು ಬೇಕಿತ್ತು, ಹ್ಯಾನ್ನೋನ ಕಥೆಯಿಂದ ಗೊರಿಲ್ಲಾ ಎತ್ತಿಕೊಂಡರು. ಆ ಕಾಡಿನಲ್ಲೇ ಬದುಕುತ್ತಿದ್ದ ಜನಕ್ಕೆ ಈ ಪ್ರಾಣಿ ಮೊದಲಿಂದಲೂ ಗೊತ್ತಿತ್ತು, ಅವರ ಭಾಷೆಗಳಲ್ಲಿ ಅದಕ್ಕೆ ಹೆಸರೂ ಇದ್ದವು. ಅವನ್ನು ಯಾರು ಕೇಳುತ್ತಾರೆ.

ಆಮೇಲೆ ಪೌಲ್ ಡು ಶೈಲು ಬಂದ. ಗಬಾನ್ ಕಾಡಿನಲ್ಲಿ ಬೇಟೆಯಾಡಿ, ಗೊರಿಲ್ಲಾ ಚರ್ಮಗಳನ್ನು ಹೊತ್ತು ತಂದು, 1861ರಲ್ಲಿ ಪುಸ್ತಕ ಬರೆದು ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿದ. ಅವನ ಬರಹದ ಗೊರಿಲ್ಲಾ ದುಃಸ್ವಪ್ನದಿಂದ ಎದ್ದು ಬಂದ ಅರ್ಧ ಮನುಷ್ಯ, ಅರ್ಧ ಮೃಗ. ಕಣ್ಣಲ್ಲಿ ಬೆಂಕಿ, ಎದೆಯಲ್ಲಿ ನಗಾರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಓದುಗರು ಅದನ್ನೆಲ್ಲ ಹಾಗೇ ನುಂಗಿದರು. ಡಾರ್ವಿನ್ನನ ಪುಸ್ತಕ ಬಂದು ಎರಡೇ ವರ್ಷ ಆಗಿತ್ತು, ನಾವು ವಾನರರ ನೆಂಟರೇ ಎಂಬ ಜಗಳ ಬಿಸಿಬಿಸಿ ನಡೆಯುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಇಂಥ ನೆಂಟ ಸಿಕ್ಕ.

ಅದೇ ವರ್ಷ ಪದ ಬೈಗುಳವೂ ಆಯಿತು. ಅಬ್ರಹಾಂ ಲಿಂಕನ್‌ಗೆ ಎಡ್ವಿನ್ ಸ್ಟಾಂಟನ್ ಎಂಬ ವಕೀಲ ಮೂಲ ಗೊರಿಲ್ಲಾ ಎಂದು ಅಡ್ಡಹೆಸರಿಟ್ಟಿದ್ದ ಎಂದು ಅಂತರ್ಯುದ್ಧದಲ್ಲಿ ಲಿಂಕನ್ ಕಡೆಯ ಸೇನಾಪತಿಯಾಗಿದ್ದ ಜನರಲ್ ಮೆಕ್‌ಕ್ಲೆಲನ್ ಬರೆದಿದ್ದಾನೆ. ಡು ಶೈಲು ಮೂರ್ಖ, ಗೊರಿಲ್ಲಾ ಹುಡುಕಿಕೊಂಡು ಆಫ್ರಿಕದವರೆಗೆ ಯಾಕೆ ಅಲೆದ, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿಗೆ ಹೋಗಿದ್ದರೆ ಸುಲಭವಾಗಿ ಸಿಗುತ್ತಿತ್ತು ಎಂಬ ಅರ್ಥದ ಕುಹಕ. ಸ್ಪ್ರಿಂಗ್‌ಫೀಲ್ಡ್ ಲಿಂಕನ್ ವಾಸವಿದ್ದ ಊರು. ಮೆಕ್‌ಕ್ಲೆಲನ್ ಕೂಡ ಹೆಂಡತಿಗೆ ಬರೆದ ಕಾಗದದಲ್ಲಿ ಅದೇ ಹೆಸರು ಬಳಸಿದ. ಮರುವರ್ಷ ಲಿಂಕನ್ ಇದೇ ಸ್ಟಾಂಟನ್‌ನನ್ನು ಕರೆದು ಯುದ್ಧ ಮಂತ್ರಿ ಮಾಡಿಕೊಂಡರು. ಆ ಮನುಷ್ಯನ ತಾಳ್ಮೆ ನೋಡಿ!

ಅಲ್ಲಿಂದ ಮುಂದೆ ರೌಡಿಗೆ, ದುಡ್ಡು ಕೊಟ್ಟರೆ ಹೊಡೆಯಲು ಬರುವ ಬಂಟನಿಗೆ ಗೊರಿಲ್ಲಾ ಎನ್ನುವುದು ಅಮೆರಿಕದ ಬೀದಿಮಾತಾಯಿತು. 1917ರಲ್ಲಿ ಅಮೆರಿಕದ ಸೈನ್ಯ ಭರ್ತಿಯ ಒಂದು ಪೋಸ್ಟರ್ ಬಂತು. ಜರ್ಮನ್ ಶಿರಸ್ತ್ರಾಣ ಹಾಕಿದ ಗೊರಿಲ್ಲಾ, ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದು ತೋಳಲ್ಲಿ ಅರೆಬೆತ್ತಲೆ ಹೆಣ್ಣು, ಅಮೆರಿಕದ ದಡಕ್ಕೆ ಕಾಲಿಡುತ್ತಿದೆ. ಈ ಹುಚ್ಚು ಮೃಗವನ್ನು ನಾಶಮಾಡಿ ಎಂಬ ಕರೆ ಬೇರೆ. ಜರ್ಮನಿಯಲ್ಲಿ ಗೊರಿಲ್ಲಾ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಇದಕ್ಕಿಂತ ಹೊಲಸು ಬಳಕೆ ಇನ್ನೊಂದಿದೆ. ಕಪ್ಪು ಜನರನ್ನು ಹೀಯಾಳಿಸಲು ಈ ಪದವನ್ನು ಹತ್ತೊಂಬತ್ತನೇ ಶತಮಾನದಿಂದ ಇವತ್ತಿನ ಫುಟ್‌ಬಾಲ್ ಮೈದಾನದವರೆಗೆ ಎಸೆಯುತ್ತಲೇ ಬಂದಿದ್ದಾರೆ. 2015ರಲ್ಲಿ ಗೂಗಲ್ ಫೋಟೋಸ್ ಇಬ್ಬರು ಕಪ್ಪು ಜನರ ಚಿತ್ರಕ್ಕೆ ಗೊರಿಲ್ಲಾ ಎಂದು ಹಣೆಪಟ್ಟಿ ಹಚ್ಚಿತು. ಕಂಪನಿ ಕ್ಷಮೆ ಕೇಳಿತು, ಆಮೇಲೆ ಗೊರಿಲ್ಲಾ ಎಂಬ ಹಣೆಪಟ್ಟಿಯನ್ನೇ ತೆಗೆದುಹಾಕಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ವರ್ಷಗಟ್ಟಲೆ ಆ್ಯಪಿನಲ್ಲಿ ನಿಜವಾದ ಗೊರಿಲ್ಲಾ ಫೋಟೋ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರು, ಮಾತಾಡುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಕಂಪನಿಗೆ ಅಂದರೆ ನಡೆಯುತ್ತೆ. ಮನುಷ್ಯರಿಗೆ, ತಮಾಷೆಗೂ ಬೇಡ.

ಇಷ್ಟಕ್ಕೂ ಈ ಪ್ರಾಣಿ ಏನು ಮಾಡುತ್ತೆ? ದಿನದ ಬಹುಪಾಲು ಸೊಪ್ಪು ತಿನ್ನುತ್ತೆ, ಮಲಗುತ್ತೆ. ಬೆಟ್ಟದ ಗೊರಿಲ್ಲಾಗಳು ತುರಿಕೆ ಸೊಪ್ಪು ತಿನ್ನುವುದನ್ನು ನೋಡಬೇಕು, ಮುಟ್ಟಿದರೆ ಮೈಯೆಲ್ಲ ಉರಿಯುವ ಗಿಡ ಅದು. ಕಾಂಡದ ಬುಡ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಕೆಳಗಿನಿಂದ ಮೇಲಕ್ಕೆ ಎಲೆ ಸವರಿ ತೆಗೆಯುತ್ತವೆ. ತೊಟ್ಟುಗಳನ್ನು ತಿರುಚಿ ಕಿತ್ತು ಬಿಸಾಡುತ್ತವೆ. ಉಳಿದ ಎಲೆ ಕಟ್ಟನ್ನು ಹೆಬ್ಬೆರಳ ಮೇಲೆ ಮಡಚಿ, ಮುಳ್ಳಿನ ಅಂಚೆಲ್ಲ ಒಳಗೆ ಹೋಗುವ ಹಾಗೆ ಒಂದೇ ಎಲೆಯಲ್ಲಿ ಸುತ್ತಿ, ಬಾಯಿಗೆ ಹಾಕಿಕೊಳ್ಳುತ್ತವೆ. ತುಟಿಗೆ ತಾಗುವುದು ಮೆತ್ತಗಿನ ಕಡೆ ಮಾತ್ರ. ರಿಚರ್ಡ್ ಬರ್ನ್ ಎಂಬ ವಿಜ್ಞಾನಿ ಇದನ್ನು ಹಂತಹಂತವಾಗಿ ದಾಖಲಿಸಿದ್ದಾರೆ. ಹೊಟ್ಟೆ ತುಂಬಿ ಖುಷಿಯಾದಾಗ ಗಂಟಲಿನಿಂದ ತೇಗಿನಂಥ ಒಂದು ಗುರುಗುರು ಸದ್ದು ಬರುತ್ತದೆ. ಕಾಡಿನಲ್ಲಿ ಅವುಗಳ ಹತ್ತಿರ ಹೋಗುವವರು ತಾವೂ ಅದೇ ಸದ್ದು ಮಾಡಿ, ನಾವು ನಿಮ್ಮ ತಂಟೆಗೆ ಬರುವವರಲ್ಲ ಎಂದು ತಿಳಿಸುತ್ತಾರೆ.

ಎದೆ ಬಡಿಯುವುದು ನಿಜ. ಆದರೆ ಮುಷ್ಟಿಯಿಂದಲ್ಲ, ಬೊಗಸೆಯ ಹಾಗೆ ಕುಳಿ ಮಾಡಿದ ಅಂಗೈಯಿಂದ. ಆ ಸದ್ದು ಸುಮಾರು ಒಂದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ದೊಡ್ಡ ಗಂಡಿನ ಬಡಿತದ ಸದ್ದು ತಗ್ಗಿದ ಸ್ವರದ್ದು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, ಅಂದರೆ ದೂರದಲ್ಲಿರುವವರಿಗೆ ಹೊಡೆದಾಡದೆಯೇ ಎದುರಾಳಿಯ ಗಾತ್ರ ಗೊತ್ತಾಗುತ್ತದೆ. ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ 1959ರಲ್ಲಿ ಆಫ್ರಿಕದ ವಿರುಂಗಾ ಬೆಟ್ಟಗಳಿಗೆ ಹೋಗಿ, ಗೊರಿಲ್ಲಾಗಳ ಹತ್ತಿರ ಕೂತು ನೋಡಿ ಬರೆದದ್ದು ಇದಕ್ಕಿಂತ ಚೆಂದ. ಗಂಡು ಅಬ್ಬರಿಸುವ ಮೊದಲು ಮೆಲ್ಲಗೆ ಹೂ ಹೂ ಎಂದು ಸದ್ದು ಮಾಡುತ್ತೆ. ನಡುವೆ ನಿಲ್ಲಿಸಿ ಒಂದು ಎಲೆ ಕಿತ್ತು ತುಟಿಗಳ ಮಧ್ಯೆ ಇಟ್ಟುಕೊಳ್ಳುತ್ತೆ. ಆಮೇಲೆ ಎದ್ದು ನಿಂತು ಗಿಡ ಕಿತ್ತು ಎಸೆಯುತ್ತೆ, ಎದೆ ಬಡಿಯುತ್ತೆ, ಒಂದು ಕಾಲು ಝಾಡಿಸುತ್ತೆ, ಅಡ್ಡಡ್ಡ ಓಡುತ್ತೆ, ಕೊನೆಗೆ ಅಂಗೈಯಿಂದ ನೆಲಕ್ಕೊಂದು ಏಟು. ಮುಗಿಯಿತು. ಬಹಳಷ್ಟು ಸಲ ಯಾರಿಗೂ ಒಂದು ಗೀರೂ ಆಗಿರುವುದಿಲ್ಲ. ಆ ಎಲೆ ನನಗೆ ಮರೆಯುವುದೇ ಇಲ್ಲ. ರಂಪಾಟದ ನಡುವೆ ತುಟಿಯಲ್ಲೊಂದು ಎಲೆ!

ಹಾಗಂತ ಇವು ಸಾಧುಸಂತರೂ ಅಲ್ಲ. ಸಾಕುನಾಯಿಯ ಹಾಗೆ ಬಿಂಬಿಸುವವರನ್ನು ಕಂಡರೂ ನನಗೆ ಕಿರಿಕಿರಿ. ಯಜಮಾನ ಸತ್ತ ಮೇಲೆ ಬಂದ ಹೊಸ ಗಂಡು ಹಾಲು ಕುಡಿಯುವ ಮರಿಗಳನ್ನು ಕೊಲ್ಲುವುದುಂಟು. ಗಂಡುಗಳ ನಡುವೆ ನಿಜವಾದ ಹೊಡೆದಾಟ ಬಿದ್ದರೆ ಆ ಕೋರೆಹಲ್ಲುಗಳು ಸಾಯುವ ಹಾಗೆ ಸೀಳುತ್ತವೆ. ಪ್ರಾಣಿ ಪ್ರಾಣಿಯೇ.

ಕಂಪನಿಗಳು ಹೆಸರಿಡುವಾಗ ಇಂಥ ತಲೆಬಿಸಿ ಏನೂ ಇಲ್ಲ. ಗೊರಿಲ್ಲಾ ಎಂದರೆ ಗಟ್ಟಿ, ಅಷ್ಟೇ. ಗೊರಿಲ್ಲಾ ಗ್ಲಾಸ್, ಗೊರಿಲ್ಲಾ ಅಂಟು, ಗೊರಿಲ್ಲಾ ಟೇಪು. ಆದರೆ ಕಂಪ್ಯೂಟರ್ ಮಂದಿ ಬಳಸುವ ಗೊರಿಲ್ಲಾ ಆರ್ಮ್ ಎಂಬ ಮಾತು ಸೊಗಸಾಗಿದೆ. ಗೋಡೆಯ ಹಾಗೆ ನೆಟ್ಟಗೆ ನಿಂತ ಟಚ್‌ಸ್ಕ್ರೀನ್ ಮುಂದೆ ಕೈ ಎತ್ತಿ ಸ್ವಲ್ಪ ಹೊತ್ತು ಕೆಲಸ ಮಾಡಿ ನೋಡಿ. ಭುಜ ಸೋಲುತ್ತದೆ, ತೋಳು ಭಾರವಾಗಿ, ಉದ್ದವಾಗಿ ಜೋತುಬಿದ್ದ ಹಾಗೆ ಅನಿಸುತ್ತದೆ. ಅದೇ ಗೊರಿಲ್ಲಾ ಆರ್ಮ್. ಎಲ್ಲ ಗೊರಿಲ್ಲಾ ಮಾತುಗಳೂ ಬಲದ ಬಗ್ಗೆ ಇದ್ದರೆ ಇದೊಂದು ಸುಸ್ತಿನ ಬಗ್ಗೆ.

2025ರ ಏಪ್ರಿಲಿನಲ್ಲಿ ಇಂಟರ್ನೆಟ್ ತುಂಬಾ ಒಂದೇ ಪ್ರಶ್ನೆ. ಬರಿಗೈಯ ನೂರು ಗಂಡಸರು ಒಂದು ಕಡೆ, ಒಂದು ಗೊರಿಲ್ಲಾ ಇನ್ನೊಂದು ಕಡೆ, ಯಾರು ಗೆಲ್ಲುತ್ತಾರೆ? ತಂತ್ರ, ಸರದಿ, ಸುಸ್ತು ಎಂದೆಲ್ಲ ಯುದ್ಧಭೂಮಿಯ ಸೇನಾಪತಿಗಳ ಹಾಗೆ ಜನ ಬರೆದರು. ನನ್ನ ಉತ್ತರ ಬೇಕೇ? ಗೊರಿಲ್ಲಾ ಒಂದು ಸಲ ಅಬ್ಬರಿಸಿದರೆ ಅರ್ಧ ಜನ ಓಡುತ್ತಾರೆ, ಉಳಿದರ್ಧ ಜನರನ್ನು ನೋಡಿ ಗೊರಿಲ್ಲಾ ಪೊದೆಯೊಳಗೆ ಹೋಗುತ್ತದೆ. ಲೆಕ್ಕ ಹಾಕಲೇಬೇಕೆಂದರೆ ಬೆಟ್ಟದ ಗೊರಿಲ್ಲಾಗಳು ಇತ್ತೀಚಿನ ಗಣತಿಯಲ್ಲಿ 1,063. ಒಂದೊಂದಕ್ಕೆ 75 ಲಕ್ಷಕ್ಕೂ ಹೆಚ್ಚು ಮನುಷ್ಯರು. ನೈಜೀರಿಯ ಮತ್ತು ಕ್ಯಾಮರೂನ್ ಗಡಿಯ ಕ್ರಾಸ್ ರಿವರ್ ಗೊರಿಲ್ಲಾಗಳು ಎಲ್ಲ ಸೇರಿ 300ರ ಆಸುಪಾಸು.

ಇನ್ನು ಗೆರಿಲ್ಲಾ. ಕನ್ನಡದಲ್ಲಿ ಬರೆದರೆ ಗೊಂದಲವಿಲ್ಲ, ಇಂಗ್ಲಿಷಿನಲ್ಲಿ ಎರಡೂ ಕಿವಿಗೆ ಹೆಚ್ಚುಕಮ್ಮಿ ಒಂದೇ. ಗೆರಿಲ್ಲಾ ಎಂದರೆ ಸ್ಪ್ಯಾನಿಷ್‌ನಲ್ಲಿ ಚಿಕ್ಕ ಯುದ್ಧ, ನೆಪೋಲಿಯನ್‌ನ ಸೈನ್ಯದ ಮೇಲೆ ಸ್ಪೇನಿನವರು ಹೊಂಚುಹಾಕಿ ಎರಗಿದ ಕಾಲದಲ್ಲಿ ಇಂಗ್ಲಿಷಿಗೆ ಬಂತು. ಗೊರಿಲ್ಲಾಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಗೊರಿಲ್ಲಾ ಯುದ್ಧ, ಗೊರಿಲ್ಲಾ ಮಾರ್ಕೆಟಿಂಗ್ ಎಂದು ತಪ್ಪಾಗಿ ಬರೆಯುವುದು ನಿಂತಿಲ್ಲ. ಒಂದು ಸಲ ಮಾತ್ರ ಆ ತಪ್ಪಿನಿಂದ ಲಾಭವಾಯಿತು. 1985ರಲ್ಲಿ ನ್ಯೂಯಾರ್ಕಿನಲ್ಲಿ, ಮ್ಯೂಸಿಯಂಗಳಲ್ಲಿ ಹೆಣ್ಣು ಕಲಾವಿದರಿಗೆ ಯಾಕೆ ಜಾಗ ಇಲ್ಲ ಎಂದು ಕೇಳಲು ಕೆಲವು ಕಲಾವಿದೆಯರು ಗೆರಿಲ್ಲಾ ಗರ್ಲ್ಸ್ ಎಂಬ ಗುಂಪು ಕಟ್ಟಿದರು. ಗುರುತು ಸಿಗಬಾರದು, ಸಿಕ್ಕರೆ ಮುಂದೆ ಕೆಲಸ ಸಿಗುವುದು ಕಷ್ಟ. ಏನು ವೇಷ ಹಾಕುವುದು ಎಂದು ಯೋಚಿಸುತ್ತಿದ್ದಾಗ ಮೊದಮೊದಲ ಒಂದು ಸಭೆಯಲ್ಲಿ ಯಾರೋ ಗೆರಿಲ್ಲಾ ಬರೆಯಲು ಹೋಗಿ ಗೊರಿಲ್ಲಾ ಎಂದು ಬರೆದರಂತೆ. ಅವತ್ತಿನಿಂದ ಅವರು ಗೊರಿಲ್ಲಾ ಮುಖವಾಡ ಹಾಕಿಕೊಂಡೇ ಹೊರಗೆ ಬರುತ್ತಾರೆ, ತೀರಿಹೋದ ಕಲಾವಿದೆಯರ ಹೆಸರಿಟ್ಟುಕೊಂಡು ಮಾತಾಡುತ್ತಾರೆ, ಪೋಸ್ಟರ್ ಅಂಟಿಸುತ್ತಾರೆ. ಮ್ಯೂಸಿಯಂಗಳು ಈಗ ಅವರ ಪೋಸ್ಟರುಗಳನ್ನೇ ಕೊಂಡು ಸಂಗ್ರಹದಲ್ಲಿ ಇಟ್ಟುಕೊಂಡಿವೆ.